ಬನಿಯನ್ ಜೇಬಿನ ಆಸ್ತಿ

ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ ಎಂದು ನಾನು ಯಾವತ್ತೂ ದೂರಿದವನಲ್ಲ. (ದೂರಿದರೆ ಆ ಮಾತಿಗೂ ಬೆಲೆ ಸಿಗುವುದಿಲ್ಲ.) ಆದರೆ ಅಂಗಡಿಯಲ್ಲಿ ನಾನೇ ಚಕ್ರವರ್ತಿ. ಇಪ್ಪತ್ತಾರು ವರ್ಷಗಳಿಂದ ಕನ್ನಡಕದ ವ್ಯಾಪಾರ ನನ್ನದು. ನಮ್ಮ ಬೀದಿಯ ಅರ್ಧಕ್ಕರ್ಧ ಮೂಗುಗಳ ಮೇಲೆ ನನ್ನ ಕೈಚಳಕ ಕೂತಿದೆ. ಇಂಥ ನನಗೆ ಒಂದು ಮಧ್ಯಾಹ್ನ, ಹಡಗಿನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದ ಗಿರಾಕಿಯೊಬ್ಬರು ಜ್ಞಾನೋದಯ ಮಾಡಿಸಿದರು. ಅವರು ಬಂದದ್ದು ಕನ್ನಡಕದ ಸಡಿಲ ಸ್ಕ್ರೂ ಬಿಗಿ ಮಾಡಿಸಲು. ಹೋಗುವಾಗ ನನ್ನ ತಲೆಯ ಸ್ಕ್ರೂ ಸಡಿಲ ಮಾಡಿ ಹೋದರು.

"ಸ್ವಂತ ಮನೆ ಇದೆಯಾ?" ಎಂದು ಕೇಳಿದರು.

"ಇಲ್ಲ ಸರ್, ಬಾಡಿಗೇದು."

"ಒಳ್ಳೇದಾಯ್ತು ಬಿಡಿ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮನೇನ ಹೊತ್ಕೊಂಡು ಓಡಕ್ಕಾಗತ್ತಾ?"

"ಚಿನ್ನ?"

"ಭಾರ ಕಣ್ರೀ. ಒಂದು ಕಿಲೋ ಚಿನ್ನ ಜೇಬಿಗೆ ಹಾಕ್ಕೊಂಡು ಓಡಿ ನೋಡೋಣ. ಪ್ಯಾಂಟ್ ಹಿಂದೆ ಉಳಿಯತ್ತೆ, ನೀವು ಮುಂದೆ ಹೋಗ್ತೀರಿ. ಅದೇ ಅಪರೂಪದ ರತ್ನ ಅನ್ನಿ, ಕಡಲೇಕಾಳಿನಷ್ಟು. ಜೇಬಲ್ಲಿ ಹಾಕ್ಕೊಂಡು ಜಗತ್ತಿನ ಯಾವ ಮೂಲೆಗೆ ಹೋದ್ರೂ ಅದಕ್ಕೆ ಅದರ ಬೆಲೆ ಸಿಗತ್ತೆ!"

ನನಗೆ ಜೀವನದಲ್ಲಿ ಎಲ್ಲಿಗೂ ಓಡಿಹೋಗುವ ಪ್ರಸಂಗ ಬಂದಿರಲಿಲ್ಲ. ಕೊನೆಯ ಸಲ ಓಡಿದ್ದು ಬಸ್ಸಿನ ಹಿಂದೆ, ಅದೂ ನಿಲ್ಲಲಿಲ್ಲ. ಆದರೂ, ಓಡಬೇಕಾಗಿ ಬಂದರೆ ಜೇಬು ತುಂಬಿಸಿಕೊಂಡೇ ಓಡಬೇಕು ಎನ್ನುವ ವಿಚಾರ ನನ್ನೊಳಗೆ ಹೊಕ್ಕು ಕೂತುಬಿಟ್ಟಿತು.

ಆಗ ಬ್ಯಾಂಕಿನಲ್ಲಿ ನನ್ನ ಮತ್ತು ನನ್ನ ಹೆಂಡತಿಯ ಜಂಟಿ ಖಾತೆಯಲ್ಲಿ ಒಂದಿಷ್ಟು ಹಣವಿತ್ತು. ನಮ್ಮ ಮಗಳು ಪುಟ್ಟಿ ಕಣ್ಣು ಪರೀಕ್ಷೆಯ ಓದು ಮುಗಿಸಿ ಇನ್ನು ನಾಲ್ಕು ತಿಂಗಳಿಗೆ ಅಂಗಡಿಗೆ ಬರುವವಳಿದ್ದಳು. ಅವಳಿಗೊಂದು ಹೊಸ ಪರೀಕ್ಷಾ ಯಂತ್ರ ಕೊಡಿಸಬೇಕೆಂದು ಆರು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಹಣ. ಅದನ್ನು ಈಗ ಕಲ್ಲಿಗೆ ಹಾಕಿ, ನಾಲ್ಕು ತಿಂಗಳಲ್ಲಿ ಒಂದಕ್ಕೆ ಎರಡು ಮಾಡಿ, ಯಂತ್ರವನ್ನೂ ಕೊಂಡು, ಮಿಕ್ಕಿದ್ದರಲ್ಲಿ ಹೆಂಡತಿಯನ್ನು ಬೆರಗುಗೊಳಿಸುವುದು ನನ್ನ ಮಹಾಯೋಜನೆ. ಮರ್ಯಾದೆಗೆ ಅವಳನ್ನೂ ಒಂದು ಮಾತು ಕೇಳಿದೆ.

"ಏನೇ, ಒಂದು ಕಲ್ಲು ತಗೊಳ್ಳೋಣ ಅಂತಿದೀನಿ."

"ಬಟ್ಟೆ ಒಗೆಯಕ್ಕಾ? ಮಶೀನ್ ಇದ್ಯಲ್ಲ."

"ಅಲ್ಲ ಕಣೇ! ಬೆಲೆಬಾಳೋ ಕಲ್ಲು. ಇಡೀ ಆಸ್ತೀನ ಜೇಬಲ್ಲಿಟ್ಕೊಂಡು ಓಡಾಡಬಹುದು."

"ಜೇಬಲ್ಲಾ?" ಎಂದು ಅವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಈ ವರ್ಷ ನಿಮ್ಮ ಜೇಬಲ್ಲಿ ಇಟ್ಟುಕಳಿಸಿದ ಕರ್ಚೀಫು ಹದಿನಾಲ್ಕು. ವಾಪಸ್ ಬಂದಿದ್ದು ಮೂರು. ಅದರಲ್ಲಿ ಒಂದು ಬೇರೆ ಯಾರದೋ."

ಇಂಥವರ ಜೊತೆ ಅರ್ಥಶಾಸ್ತ್ರ ಚರ್ಚಿಸುವುದು ಹೇಗೆ? ಗುಟ್ಟಾಗಿಯೇ ಮುಂದುವರಿಯುವುದೆಂದು ನಿರ್ಧರಿಸಿದೆ.

ಎಂಜಿನಿಯರ್ ನನ್ನನ್ನು ತಮಗೆ ಪರಿಚಯದ ರತ್ನದ ವ್ಯಾಪಾರಿಯೊಬ್ಬರ ಬಳಿ ಕರೆದುಕೊಂಡು ಹೋದರು. ಹಳೇ ಕಟ್ಟಡದ ಮೂರನೇ ಮಹಡಿ. ಒಂದು ಮೇಜು, ಒಂದು ಕಿಟಕಿ, ತಂತಿಯಲ್ಲಿ ತೂಗುವ ಹಳೇ ಕಾಲದ ಹಳದಿ ಬಲ್ಬು. ವ್ಯಾಪಾರಿ ಎಂದರೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಕಾಗದದ ಪೊಟ್ಟಣ ಬಿಚ್ಚಿ, ಚಿಮಟಿಗೆಯಲ್ಲಿ ಒಂದು ಕಲ್ಲನ್ನು ಎತ್ತಿ ಹಿಡಿದರು.

"ಇದು ಅಲೆಕ್ಸಾಂಡ್ರೈಟ್ ಸರ್. ಸಾವಿರ ಕಲ್ಲು ನೋಡಿದ್ರೆ ಇಂಥದ್ದು ಒಂದು ಸಿಗಲ್ಲ. ಹಗಲು ಬೆಳಕಲ್ಲಿ ಹಸಿರು, ನೋಡ್ತಾ ಇದೀರಲ್ಲ? ಈಗ ಬಲ್ಬಿನ ಕೆಳಗೆ ತರ್ತೀನಿ. ನೋಡಿ, ಕೆಂಪು!"

"ಅಬ್ಬಾ!" ಎಂದರು ಎಂಜಿನಿಯರ್.

"ಅಬ್ಬಬ್ಬಾ!" ಎಂದೆ ನಾನು. ಕಣ್ಣಿನ ಕಸುಬಿನವನಾದ್ದರಿಂದ ಒಂದು 'ಬ' ಹೆಚ್ಚಿಗೆ ಹಾಕಿದೆ.

ಓದುಗರ ಮುಂದೆ ಸುಳ್ಳೇಕೆ? ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಹುಟ್ಟಿದಾಗಿನಿಂದ ನನ್ನ ಕಣ್ಣಿಗೆ ಕೆಂಪೂ ಹಸಿರೂ ಅವಳಿ ಜವಳಿ. ಕನ್ನಡಕದಂಗಡಿಯವನಿಗೇ ಬಣ್ಣಗುರುಡು ಎಂದು ಹೊರಗೆ ಗೊತ್ತಾದರೆ ನಾಳೆಯಿಂದ ಯಾರು ಬಂದಾರು? ಹೆಂಡತಿಯಿಂದಲೂ ಮುಚ್ಚಿಟ್ಟ ಗುಟ್ಟು ಅದು. ಅವಳಿಂದ ಮುಚ್ಚಿಡಲು ಇನ್ನೂ ಒಂದು ಕಾರಣವಿತ್ತು. ಅವಳು ಬಟ್ಟೆ ಗಿರಣಿಯಲ್ಲಿ ಬಣ್ಣ ಹೊಂದಿಸುವ ವಿಭಾಗದ ಮುಖ್ಯಸ್ಥೆ. ಬರೀ ಹಸಿರಿನಲ್ಲೇ ನಲವತ್ತು ಬಗೆ ಗುರುತಿಸಬಲ್ಲವಳು.

"ಪ್ರಯೋಗಾಲಯದ ಪ್ರಮಾಣಪತ್ರ ಬೇಕಂದ್ರೆ ಹತ್ತು ದಿನ ಆಗತ್ತೆ ಸರ್" ಎಂದರು ಆಕೆ. "ಆದ್ರೆ ನೀವೇ ಕಣ್ಣಿನೋರು..."

"ಛೆ ಛೆ, ನನಗ್ಯಾಕೆ ಪ್ರಮಾಣಪತ್ರ?" ಎಂದು ನಕ್ಕು, ಆರು ವರ್ಷದ ಉಳಿತಾಯವನ್ನು ಎಣಿಸಿ ಕೊಟ್ಟು, ಕಡಲೆಕಾಳಿನಷ್ಟು ಆಸ್ತಿಯನ್ನು ಹಿಡಿದು ಮೆಟ್ಟಿಲಿಳಿದೆ.

ಜೇಬಲ್ಲಿಟ್ಟು ಓಡಾಡಬಹುದಾದ ಆಸ್ತಿಯ ಮುಖ್ಯ ತೊಂದರೆ ಏನೆಂದರೆ, ಅದನ್ನು ಜೇಬಲ್ಲಿಟ್ಟು ಓಡಾಡಲೇಬೇಕು. ಮನೆಯಲ್ಲಿಟ್ಟರೆ ಹೆಂಡತಿಯ ಕಣ್ಣು. ಅಂಗಡಿಯ ಲೆನ್ಸ್ ಡ್ರಾಯರಿನಲ್ಲಿ ಒಂದು ದಿನ ಇಟ್ಟೆ, ಎಲ್ಲಿಟ್ಟೆ ಎಂದು ನನಗೇ ಮರೆತು ನಾನೂರು ಪೊಟ್ಟಣ ಬಿಚ್ಚಬೇಕಾಯಿತು. ಕೊನೆಗೆ ದರ್ಜಿಯ ಬಳಿ ಹೋಗಿ ಬನಿಯನ್ನಿಗೆ ಒಳಜೇಬು ಹೊಲಿಸಿದೆ. ಎಡ ಎದೆಯ ಮೇಲೆ ಜೇಬು, ಜೇಬಿನ ಮೇಲೆ ಸದಾ ನನ್ನ ಕೈ. ಎದೆಯ ಮೇಲೆ ಕಲ್ಲಿಟ್ಟುಕೊಂಡು ಬದುಕುತ್ತಿದ್ದೇನೆ ಎಂದು ಅನೇಕರು ಹೇಳುವುದನ್ನು ಕೇಳಿದ್ದೇನೆ. ಚಾಚೂ ತಪ್ಪದೆ ಹಾಗೆ ಬದುಕಿದವನು ಬಹುಶಃ ನಾನೊಬ್ಬನೇ.

"ರೀ, ಎದೆನೋವಾ?" ಎಂದಳು ಹೆಂಡತಿ ನಾಲ್ಕನೇ ದಿನ.

"ಇಲ್ವಲ್ಲ."

"ಮತ್ತೆ ಕೈ ಯಾಕೆ ಅಲ್ಲೇ ಇರತ್ತೆ?"

"ಸುಮ್ನೆ... ಅಭ್ಯಾಸ."

ಮರುದಿನದಿಂದ ನನ್ನ ತಟ್ಟೆಯಲ್ಲಿ ಉಪ್ಪು ಮಾಯವಾಯಿತು, ಎಣ್ಣೆ ಮಂಗಮಾಯವಾಯಿತು. ಬೆಳಿಗ್ಗೆ ಎಬ್ಬಿಸಿ ಮೂರು ಸುತ್ತು ನಡೆಸತೊಡಗಿದಳು. ಬೈಯುವುದನ್ನು ಮಾತ್ರ ಪೂರ್ತಿ ನಿಲ್ಲಿಸಿದಳು. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಇಷ್ಟು ಶಾಂತಿ ಕಂಡಿರಲಿಲ್ಲವಾದ್ದರಿಂದ, ಉಪ್ಪಿಲ್ಲದ್ದನ್ನು ನುಂಗಿಕೊಂಡು ಸುಮ್ಮನಿದ್ದೆ.

ಆದರೆ ಅನುಮಾನ ಎನ್ನುವುದು ಒಂದಿದೆಯಲ್ಲ, ಅದು ಕಲ್ಲಿಗಿಂತ ಭಾರ. ಎಂಜಿನಿಯರ್ ಮಗಳ ಮನೆಗೆಂದು ಹೋದವರು ವಾರ ಮೂರಾದರೂ ಪತ್ತೆಯಿಲ್ಲ. ಕಲ್ಲಿಗೆ ನಿಜವಾಗಿ ಬಣ್ಣ ಬದಲಾಗುತ್ತದೋ, ಅಥವಾ ಇಬ್ಬರೂ ಸೇರಿ ನನಗೆ ಟೋಪಿ ಹಾಕಿದರೋ? ಅಳೆದೂ ಸುರಿದೂ ಒಂದು ಉಪಾಯ ಮಾಡಿದೆ. ಹೊಸ ಕನ್ನಡಕ ಹಾಕಿಸಿಕೊಳ್ಳಲು ಬಂದ ಒಬ್ಬ ನಿವೃತ್ತ ಪೋಸ್ಟ್‌ಮನ್ನರ ಕೈಗೆ ಕಲ್ಲು ಕೊಟ್ಟೆ.

"ಕಣ್ಣಿನ ಪರೀಕ್ಷೆ ಯಜಮಾನ್ರೇ. ಮೊದಲು ಬಾಗಿಲ ಹತ್ರ ನಿಂತು ಹೇಳಿ, ಯಾವ ಬಣ್ಣ?"

"ಹಸಿರು."

"ಈಗ ಒಳಗೆ ಬನ್ನಿ, ಈ ಟ್ಯೂಬ್‌ಲೈಟ್ ಕೆಳಗೆ."

"ಹಸಿರೇ."

"ಸರಿಯಾಗಿ ನೋಡಿ. ಸ್ವಲ್ಪಾನೂ ಕೆಂಪಿಲ್ವಾ?"

ಅವರು ಕನ್ನಡಕ ತೆಗೆದು ನನ್ನ ಮುಂದಿಟ್ಟರು. "ಇದು ಕೆಂಪಾಗಿ ಕಾಣಬೇಕು ಅಂತಿದ್ರೆ ಈ ಕನ್ನಡಕ ನಂಗೆ ಬೇಡಪ್ಪ. ಹಳೇದೇ ಸಾಕು."

ಅವರನ್ನು ಸಮಾಧಾನಪಡಿಸಿ ಕಳಿಸಿದ ಮೇಲೆ ಕಲ್ಲನ್ನು ಮತ್ತೆ ಬನಿಯನ್ ಜೇಬಿಗೆ ತುರುಕಿದೆ. ಕೆಂಪೂ ಇಲ್ಲ, ಗಿಂಪೂ ಇಲ್ಲ. ಬರೀ ಹಸಿರು ಗಾಜು! ಲೋಕದ ಕಣ್ಣಿಗೆ ಗಾಜು ಹಾಕಿ ದುಡಿದವನ ಕಣ್ಣಿಗೆ ಗಾಜು ತೋರಿಸಿಯೇ ಮಣ್ಣೆರಚಿದ್ದರು. ಜಗಳಕ್ಕೆ ಹೋಗೋಣವೆಂದರೆ, "ಅವತ್ತು ಅಬ್ಬಬ್ಬಾ ಅಂದವರು ಯಾರು?" ಎಂದು ಆಕೆ ಕೇಳಿದರೆ ಏನು ಹೇಳಲಿ?

ಅದೇ ವಾರ ಹೆಂಡತಿಯ ಹುಟ್ಟುಹಬ್ಬ ಬಂತು. ಕೈಯಲ್ಲಿ ಬಿಡಿಗಾಸಿಲ್ಲ. ಕಲ್ಲನ್ನೇ ಹತ್ತಿಯಲ್ಲಿ ಸುತ್ತಿ, ಲೆನ್ಸಿನ ಡಬ್ಬಿಯಲ್ಲಿಟ್ಟು ಕೊಟ್ಟೆ.

"ಏನ್ರೀ ಇದು?"

"ಏನೋ ಹೊಳೀತಿತ್ತು, ತಂದೆ. ಬರೀ ಗಾಜು. ದುಡ್ಡೇನೂ ಜಾಸ್ತಿ ಇಲ್ಲ. ನೀನೇ ಇಟ್ಕೋ."

"ನಂಗೇನಾ? ಆಮೇಲೆ ವಾಪಸ್ ಕೇಳಬಾರದು."

"ಒಂದು ಸಲ ಕೊಟ್ಟ ಮೇಲೆ ನಿಂದೇ. ನಾನು ಅಂಥವನಾ?" ಎಂದೆ ಔದಾರ್ಯದಿಂದ. ಅವಳ ಕಣ್ಣಂಚು ಒದ್ದೆಯಾಯಿತು. ಎಂಟು ವರ್ಷದ ಹಿಂದೆ ಕೊಟ್ಟ ಟಾರ್ಚಿನ ಬಳಿಕ ನಾನು ಅವಳಿಗೆ ಕೊಟ್ಟ ಉಡುಗೊರೆ ಅದೊಂದೇ. ನನಗೆ ಒಂಥರಾ ಸಂಕಟವಾಯಿತು, ಆದರೆ ಎದೆಯ ಮೇಲಿಂದ ಕೈ ತೆಗೆದು ನಿರಾಳವಾಗಿ ಓಡಾಡುವ ಸುಖದಲ್ಲಿ ಅದು ಬೇಗ ಮರೆತೂ ಹೋಯಿತು.

ಮರೆಯದೇ ಉಳಿದದ್ದು ಯಂತ್ರ. ಪುಟ್ಟಿಯ ಪರೀಕ್ಷೆಗಳು ಮುಗಿದವು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ದೂಡುತ್ತಾ, ಕನ್ನಡಿಯ ಮುಂದೆ ನಿಂತು "ನೋಡೇ, ಒಂದು ಅಚಾತುರ್ಯ ಆಗಿಹೋಗಿದೆ" ಎಂಬ ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದೆ. ಹಾಗಿರುವಾಗ ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದವರು ಸಾಕ್ಷಾತ್ ಎಂಜಿನಿಯರ್!

ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಕೈ ಹಿಡಿದು ಕುಲುಕಿದರು. "ಮಗಳಿಗೆ ಹೆರಿಗೆ ಆಯ್ತು ಅಂತ ಹೋಗಿದ್ದೆ. ಅಲ್ಲಾ, ನಿಮ್ಮದು ಎಂಥಾ ದೊಡ್ಡ ಮನಸ್ಸು ಕಣ್ರೀ! ನಾನಂತೂ ಇಂಥ ಕಲ್ಲು ಪ್ರಾಣ ಹೋದ್ರೂ ಬಿಡ್ತಿರಲಿಲ್ಲ." ಹಾಗೆಂದು ಕೋಟಿನ ಒಳಜೇಬಿನಿಂದ ಡಬ್ಬಿ ತೆಗೆದರು. ನನ್ನ ಅಂಗಡಿಯದೇ ಲೆನ್ಸಿನ ಡಬ್ಬಿ. ಒಳಗೆ ಕಲ್ಲು, ಕಲ್ಲಿನ ಕೆಳಗೆ ಮಡಿಸಿದ ಪ್ರಮಾಣಪತ್ರ.

"ಇದು... ನಿಮ್ಮ ಹತ್ರ?"

"ನಿಮ್ಮ ಮನೆಯವರೇ ಮಾರಿದ್ರಲ್ಲ. ಅಪ್ಪಟ ಅಸಲಿ. ನೀವು ಕೊಟ್ಟ ಬೆಲೆ ಮೇಲೆ ಅರ್ಧ ಜಾಸ್ತಿ ಕೇಳಿದ್ರು, ಮರುಮಾತಾಡದೆ ಕೊಟ್ಟೆ."

ಅಂಗಡಿ ಮುಚ್ಚಿ ಮನೆಗೆ ಓಡಿದೆ. (ಓಡುವ ಪ್ರಸಂಗ ಕೊನೆಗೂ ಬಂತು. ಜೇಬು ಖಾಲಿಯಿತ್ತು.) ನಡುಮನೆಯಲ್ಲಿ ಆಳೆತ್ತರದ ಮರದ ಪೆಟ್ಟಿಗೆ. ಅಮ್ಮನೂ ಮಗಳೂ ಸೇರಿ ಮೊಳೆ ಕೀಳುತ್ತಿದ್ದರು. ಒಳಗೆ ಪರೀಕ್ಷಾ ಯಂತ್ರ.

"ಬನ್ನಿ, ಆ ಕಡೆ ಹಿಡ್ಕೊಳ್ಳಿ" ಎಂದಳು ಹೆಂಡತಿ.

"ಆ ಕಲ್ಲು... ಗಾಜು..."

"ಗಿರಣಿಗೆ ತಗೊಂಡು ಹೋಗಿ ಮೇಜಿನ ಮೇಲೆ ಇಟ್ಕೊಂಡಿದ್ದೆ. ಬಣ್ಣ ಹೊಂದಿಸೋ ಪೆಟ್ಟಿಗೆ ಪಕ್ಕದಲ್ಲೇ. ಅದರಲ್ಲಿ ಒಂದು ಸ್ವಿಚ್ಚಿಗೆ ಹಗಲು ಬೆಳಕು, ಇನ್ನೊಂದಕ್ಕೆ ಹಳದಿ ಬಲ್ಬು. ಬಲ್ಬು ಹಾಕಿದ್ರೆ ನಿಮ್ಮ ಗಾಜು ದಾಳಿಂಬೆ ಕಾಳಿನ ಥರ ಕೆಂಪಾಗಿ ಕೂತಿದೆ!"

"ಆದ್ರೆ ಟ್ಯೂಬ್‌ಲೈಟಲ್ಲಿ ಹಸಿರೇ ಇತ್ತಲ್ಲೇ! ಆ ಪೋಸ್ಟ್‌ಮನ್ನು..."

"ಬಿಳೀ ಟ್ಯೂಬ್‌ಲೈಟೂ ಹಗಲು ಬೆಳಕಿನ ಥರಾನೇ. ಅದರ ಕೆಳಗೆ ಎಲ್ಲಿಂದ ಕೆಂಪಾಗತ್ತೆ? ರತ್ನ ಪರೀಕ್ಷಿಸೋ ಪ್ರಯೋಗಾಲಯದಲ್ಲಿ ತೋರಿಸ್ದೆ. ಅವರು ಹೇಳಿದ ಬೆಲೆ ಕೇಳಿ ಸೀದಾ ಬ್ಯಾಂಕಿಗೆ ಹೋದೆ. ಖಾತೆ ಗುಡಿಸಿ ಇಟ್ಟಿದ್ರಿ. ಆ ಎಂಜಿನಿಯರ ಪುರಾಣ ಊಟಕ್ಕೆ ಕೂತಾಗೆಲ್ಲ ನೀವೇ ಹೇಳಿದ್ರಲ್ಲ, ಅವರು ಮಗಳ ಮನೆಯಿಂದ ಬಂದ ಕೂಡಲೇ ಹುಡುಕಿಕೊಂಡು ಹೋದೆ."

"ಒಂದು ಮಾತು ನನ್ನ ಕೇಳಬಾರದಿತ್ತಾ?"

"ನೀವು ಕೊಳ್ಳೋ ಮುಂಚೆ ಒಂದು ಸಲ ನನಗೆ ತೋರಿಸಬಾರದಿತ್ತಾ? ನಿಮಗೆ ಕೆಂಪು ಹಸಿರು ಗೊತ್ತಾಗಲ್ಲ ಅಂದ್ಮೇಲೆ?"

ನಾನು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. "ಅದು ನಿಂಗೆ... ಯಾವಾಗಿಂದ?"

"ಮದುವೆಯಾದ ವಾರದಿಂದ. ಹಣ್ಣಾಗಿರೋ ಟೊಮೇಟೊ ಆರಿಸಿ ತನ್ನಿ ಅಂದ್ರೆ ಎರಡು ಕಿಲೋ ಹಸಿರುಕಾಯಿ ತಂದ್ರಿ. ಅವತ್ತಿಂದ ತರಕಾರಿಗೆ ನಾನೇ ಹೋಗ್ತಿರೋದು."

ಇಪ್ಪತ್ತಮೂರು ವರ್ಷ ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ. ಗಂಡನಿಗೆ ಚೀಲ ಹೊರಿಸಬಾರದು ಎನ್ನುವ ಕರುಣೆ ಎಂದುಕೊಂಡಿದ್ದೆ. ಬಣ್ಣ ಹೊಂದಿಸುವವಳು ಒಂದೇ ಏಟಿಗೆ ನನ್ನ ಬಣ್ಣ ಬಯಲು ಮಾಡಿದಳು.

"ಅಪ್ಪ, ನಂಗೂ ಗೊತ್ತಿತ್ತು" ಎಂದಳು ಪುಟ್ಟಿ, ಮೊಳೆ ಕೀಳುತ್ತಾ. "ಕಾಲೇಜಲ್ಲಿ ಬಣ್ಣಗುರುಡಿನ ಪಾಠಕ್ಕೆ ನಿಮ್ಮದೇ ಉದಾಹರಣೆ ಬರೆದಿದ್ದೆ. ಒಳ್ಳೇ ಅಂಕ ಬಂತು."

ನಾನು ಗಂಟಲು ಸರಿಮಾಡಿಕೊಂಡೆ. "ಹೋಗ್ಲಿ ಬಿಡು. ಹೇಗೂ ನನ್ನ ಲೆಕ್ಕಾಚಾರ ಸರಿಯಾಯ್ತು. ಲಾಭ ಬಂತು. ಯಂತ್ರ ಬಂತು. ಮಿಕ್ಕಿದ್ದು ಎಲ್ಲಿ?"

"ಯಾರ ಲಾಭ? ಕಲ್ಲು ನಂಗೆ ಕೊಟ್ಟ ಉಡುಗೊರೆ. ಒಂದು ಸಲ ಕೊಟ್ಟ ಮೇಲೆ ನಿಂದೇ ಅಂದೋರು ಯಾರು? ಹಂಗಾಗಿ ಯಂತ್ರ ನಂದು. ಅದನ್ನ ನಡೆಸೋಳು ಪುಟ್ಟಿ. ಇವತ್ತಿಂದ ಅಂಗಡಿಗೆ ನಾವಿಬ್ರೂ ಪಾಲುದಾರರು."

"ಮತ್ತೆ ನಾನು?"

"ನೀವು ಸ್ಕ್ರೂ ಬಿಗಿ ಮಾಡಿ. ಅದಕ್ಕೆ ಬಣ್ಣ ಬೇಕಿಲ್ಲ."

ಮಿಕ್ಕ ಲಾಭದಲ್ಲಿ ಅಂಗಡಿಗೆ ಸುಣ್ಣಬಣ್ಣವಾಯಿತು, ಹೊಸ ಬೋರ್ಡೂ ಬಂತು. ಬಣ್ಣಗಳ ಆಯ್ಕೆಯೆಲ್ಲ ಹೆಂಡತಿಯದು. ಏಣಿ ಇಳಿಸಿದ ಮೇಲೆ ನನ್ನನ್ನು ರಸ್ತೆಯ ಆಚೆ ಬದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಎಡಗಡೆ ಬಿಳಿಯ ಅಕ್ಷರದಲ್ಲಿ ಅವಳ ಹೆಸರು, ಬಲಗಡೆ ಮಗಳ ಹೆಸರು. ನಡುವೆ ಮಾರುದ್ದ ಖಾಲಿ ಜಾಗ.

"ನನ್ನ ಹೆಸರು?" ಎಂದೆ, ಆದಷ್ಟು ಸಹಜವಾಗಿ.

"ಅಯ್ಯೋ, ನಡುವೆ ಇದ್ಯಲ್ರೀ! ಎಲ್ಲಕ್ಕಿಂತ ದೊಡ್ಡದಾಗಿ. ಹಸಿರು ಮೇಲೆ ಕೆಂಪು" ಎಂದಳು. ಪುಟ್ಟಿ ಯಾಕೋ ಆ ಕಡೆ ತಿರುಗಿ ಕೆಮ್ಮಿದಳು.

"ಹೌದು ಹೌದು, ಚೆನ್ನಾಗಿ ಎದ್ದು ಕಾಣ್ತಿದೆ" ಎಂದೆ.

ಇದಾಗಿ ಐದು ವಾರವಾಯಿತು. ದಿನವೂ ಬೀಗ ತೆಗೆಯುವ ಮುನ್ನ ಆಚೆ ಬದಿಯಲ್ಲಿ ನಿಂತು, ತಲೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ ನೋಡುತ್ತೇನೆ. ದಾರಿಹೋಕರನ್ನು ಯಾರನ್ನಾದರೂ ಕೇಳಿಬಿಡಬಹುದು. ಆದರೆ ಕನ್ನಡಕದಂಗಡಿಯವನು ತನ್ನದೇ ಅಂಗಡಿಯ ಮುಂದೆ ನಿಂತು, "ಸ್ವಾಮಿ, ಅಲ್ಲಿ ಏನಾದ್ರೂ ಬರೆದಿದೆಯಾ?" ಎಂದು ಹೇಗೆ ಕೇಳುವುದು?