ನೀಲಿ ಡಬ್ಬ, ಹಳದಿ ಡಬ್ಬ ಮತ್ತು ಪಾಪಯ್ಯನ ಲಾಟು

ನನ್ನ ಹೆಂಡತಿ ಮುನಿಲಕ್ಷ್ಮಿಯನ್ನು ಮಾಲಿನ ಲೆಕ್ಕದಲ್ಲಿ ಹೇಳುವುದಾದರೆ, ನೋಟಕ್ಕೆ ಮಧ್ಯಮ ದರ್ಜೆ, ಬಾಳಿಕೆಗೆ ಒಂದನೇ ದರ್ಜೆ. ಮಾತು ಕಡಿಮೆ, ಆದರೆ ಆಡಿದ ಮಾತಿನಲ್ಲಿ ಕಸಕಡ್ಡಿ ಇರುವುದಿಲ್ಲ, ತೂಕ ಪೂರ್ತಿ. ಮಂಡಿಕಲ್ಲಿಗೆ ಹೆಣ್ಣು ನೋಡಲು ಹೋದಾಗ ಕಾಫಿ ಲೋಟ ಖಾಲಿಯಾಗುವುದರೊಳಗೆ ಇಷ್ಟನ್ನೂ ಅಂದಾಜು ಮಾಡಿದ್ದೆ. (ಅವಳೂ ನನ್ನನ್ನು ಅಂದಾಜು ಮಾಡಿದ್ದಳಂತೆ. ಏನೆಂದು ಕೇಳಿದರೆ, "ಬಿಡಿ, ಆಗಿದ್ದಾಯ್ತು" ಎನ್ನುತ್ತಾಳೆ.)

ಅಂದಾಜು ಮಾಡುವುದೇ ನನ್ನ ಕಸುಬು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಕೊಂಡು ನೂಲು ತೆಗೆಸುವ ಚೆನ್ನರಾಯಪ್ಪ ಎಂದರೆ ನಾನೇ. ಗೂಡನ್ನು ಬೆರಳಲ್ಲಿ ಒತ್ತಿ, ಕಿವಿಯ ಪಕ್ಕ ಅಲ್ಲಾಡಿಸಿದರೆ ಸಾಕು, ಅದರ ಜಾತಕ ಹೇಳಿಬಿಡುತ್ತೇನೆ. ನಾನು ಯಾವುದಾದರೂ ಲಾಟಿನ (ಒಬ್ಬ ಬೆಳೆಗಾರ ಹರಾಜಿಗಿಟ್ಟ ಗೂಡಿನ ರಾಶಿಯ) ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತರೆ, ಹಿಂದೆಯೇ ನಾಲ್ಕು ಜನ ಬಂದು ಬಗ್ಗಿ ನೋಡುತ್ತಾರೆ. ಅಂಥ ಕೀರ್ತಿ ನನ್ನದು. ಅದೇ ನನಗೆ ಮುಳುವಾಯಿತು.

ಶುರುವಾದದ್ದು ಮುನಿಲಕ್ಷ್ಮಿಯ ಹಳೆಯ ಫೋನಿನಿಂದ. ಅದರಲ್ಲಿ ಫೋಟೋ ತೆಗೆದರೆ ಎಲ್ಲರೂ ಗೂಡು ಬೇಯಿಸುವ ಹಬೆಯ ಹಿಂದೆ ನಿಂತವರಂತೆ ಕಾಣುತ್ತಿದ್ದರು. ಅವಳ ತಂಗಿ ರೂಪ ಚಿಂತಾಮಣಿಯಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದಳು. ಕರೆಯಲು ಬಂದವಳು ನಗುತ್ತಲೇ, ಅಕ್ಕ, ನೀನು ಬಂದು ಊಟ ಮಾಡಿದರೆ ಸಾಕು, ಫೋಟೋ ಮಾತ್ರ ತೆಗೀಬೇಡ ಎಂದು ಹೇಳಿ ಹೋದಳು. ಮುನಿಲಕ್ಷ್ಮಿಯೂ ನಕ್ಕಳು. ಆದರೆ ಆ ಸಂಜೆ ಸಾರಿಗೆ ಉಪ್ಪು ಬೀಳಲಿಲ್ಲ. ಗೃಹಪ್ರವೇಶದೊಳಗೆ ಫೋನು ಬದಲಾಗಬೇಕೆಂದು ನನಗೆ ಅರ್ಥವಾಯಿತು.

ಎರಡು ಕಂಪನಿಯ ಫೋನುಗಳನ್ನು, ನೋಡಿ ಬೇಡವಾದದ್ದನ್ನು ಹಿಂದಿರುಗಿಸುವ ಕರಾರಿನ ಮೇಲೆ ಮನೆಗೆ ತಂದೆ. ನೀಲಿ ಡಬ್ಬದ್ದು ನಮ್ಮ ಬಸ್ ಸ್ಟ್ಯಾಂಡಿನ ಅಂಗಡಿಯದು: ದೊಡ್ಡ ಬ್ಯಾಟರಿ, ಮೇಲೊಂದು ಪುಕ್ಕಟೆ ಕವರು. ಹಳದಿ ಡಬ್ಬದ್ದು ಚಿಂತಾಮಣಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನನ್ನ ಭಾಮೈದ ರಮೇಶ್‌ಬಾಬುವಿನದು: ಕ್ಯಾಮೆರಾ ಒಳ್ಳೆಯದು, ಬೆಲೆ ಎಂಟುನೂರು ರೂಪಾಯಿ ಜಾಸ್ತಿ. ಎರಡನ್ನೂ ಅಂಗೈಯಲ್ಲಿಟ್ಟು ತೂಗಿದೆ. ಅಭ್ಯಾಸಬಲದಿಂದ ಕಿವಿಯ ಬಳಿ ಹಿಡಿದು ಅಲ್ಲಾಡಿಸಿಯೂ ನೋಡಿದೆ.

"ಏನ್ರೀ, ಒಳಗೆ ಹುಳ ಬದುಕಿದೆಯಾ?" ಎಂದಳು ಮುನಿಲಕ್ಷ್ಮಿ.

ಅವಳ ಮನಸ್ಸು ಹಳದಿಯ ಮೇಲೆ. ನನ್ನ ಮನಸ್ಸು ಎಂಟುನೂರರ ಮೇಲೆ.

"ಕ್ಯಾಮೆರಾ ಅನ್ನ ಹಾಕುತ್ತಾ ಏನೇ?" ಎಂದೆ.

"ಬ್ಯಾಟರಿ ಹಾಕುತ್ತಾ?" ಎಂದಳು.

ವ್ಯಾಪಾರಸ್ಥ ಬಾಯಿಮಾತಿನಲ್ಲಿ ಸೋತಾಗ ಪರೀಕ್ಷೆ ಇಡುತ್ತಾನೆ. ನಾನೂ ಇಟ್ಟೆ. ನಮ್ಮ ಮಾರುಕಟ್ಟೆಯಲ್ಲಿ ಈಗ ಹರಾಜನ್ನು ಬಾಯಲ್ಲಿ ಕೂಗುವುದಿಲ್ಲ. ಕೊಳ್ಳುವವರು ತಮ್ಮ ತಮ್ಮ ಫೋನಿನಲ್ಲಿ ಬೆಲೆ ಒತ್ತುತ್ತಾರೆ. ಎಲ್ಲರಿಗೂ ಬೆಲೆ ಕಾಣುತ್ತದೆ, ಒತ್ತಿದವರ ಹೆಸರು ಕಾಣುವುದಿಲ್ಲ. ನಮ್ಮ ಮನೆಯಲ್ಲಿ ಗೂಡು ಕೊಳ್ಳುವ ಲೈಸೆನ್ಸು ಎರಡು, ಒಂದು ನನ್ನದು, ಒಂದು ಅವಳದು. ನನ್ನದು ನೀಲಿಯಲ್ಲಿ, ಅವಳದು ಹಳದಿಯಲ್ಲಿ. ಒಂದೇ ಲಾಟಿಗೆ ಇಬ್ಬರೂ ಒತ್ತುವುದು. ಯಾವ ಫೋನು ಚುರುಕೋ ಅದು ಮನೆಗೆ, ಇನ್ನೊಂದು ಅಂಗಡಿಗೆ.

"ನಮ್ಮ ದುಡ್ಡಿಗೆ ನಾವೇ ಪೈಪೋಟಿ ಮಾಡೋದಾ?"

"ಇದು ಪ್ರಯೋಗ ಕಣೇ," ಎಂದೆ, ವಿಜ್ಞಾನಿಯ ಗಾಂಭೀರ್ಯದಲ್ಲಿ.

ಪ್ರಯೋಗಕ್ಕೆ ತಕ್ಕ ಲಾಟನ್ನು ಬೆಳಿಗ್ಗೆಯೇ ಹುಡುಕಿದೆ. ಪಾಪಯ್ಯ ಎಂಬ ಬೆಳೆಗಾರ ತಂದಿದ್ದ ಗೂಡು ಇಡೀ ಮಾರುಕಟ್ಟೆಯಲ್ಲೇ ಕಳಪೆ. ಅರ್ಧಕ್ಕರ್ಧ ಕಲೆ ಹಿಡಿದದ್ದು, ಉಳಿದದ್ದರಲ್ಲಿ ಬಹುಪಾಲು ಜೋಡಿಗೂಡು. (ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿದರೆ ಅದು ಜೋಡಿಗೂಡು. ಎಳೆಗೆ ಎಳೆ ಸಿಕ್ಕಾಗಿ ನೂಲು ಬಿಚ್ಚುವುದೇ ಇಲ್ಲ. ಸಂಸಾರಸ್ಥರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.) ಇದನ್ನು ಬೇರೆ ಯಾರೂ ಮುಟ್ಟುವುದಿಲ್ಲ, ನಮ್ಮ ತಲೆಗೇ ಬಂದರೂ ಪುಡಿಗಾಸಿಗೆ ಬರುತ್ತದೆ ಎಂದು ಖಾತ್ರಿ ಮಾಡಿಕೊಳ್ಳಲು ಆ ಲಾಟಿನ ಮುಂದೆ ಬಹಳ ಹೊತ್ತು ನಿಂತು, ಒತ್ತಿ, ಅಲ್ಲಾಡಿಸಿ, ತಲೆದೂಗಿದೆ.

ಹರಾಜು ಶುರುವಾಯಿತು. ನಾನು ಬಾಗಿಲ ಕಡೆ, ಅವಳು ಆಚೆ ಕಿಟಕಿಯ ಹತ್ತಿರ, ನಡುವೆ ಜನ. ಅವಳು ನನಗೆ ಕಾಣುತ್ತಿರಲಿಲ್ಲ. ಒತ್ತಿದೆ. ಕೂಡಲೇ ಅದರ ಮೇಲೊಂದು ಬೆಲೆ ಬಿತ್ತು. ಮತ್ತೆ ಒತ್ತಿದೆ. ಮತ್ತೆ ಬಿತ್ತು. ಹಳದಿ ಡಬ್ಬ ಪರವಾಗಿಲ್ಲ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ನಾನು ಬೆರಳು ಎತ್ತುವುದರೊಳಗೆ ಬೆಲೆ ಏರತೊಡಗಿತು. ನಿಲ್ಲಿಸಬಹುದಿತ್ತು. ಹೆಂಡತಿಯ ಎದುರು ಸೋಲುವುದು ನನಗೆ ಹೊಸದೇನೂ ಅಲ್ಲ. ಆದರೆ ಭಾಮೈದನ ಅಂಗಡಿಯ ಫೋನಿನ ಎದುರು ಸೋಲುವುದುಂಟೇ? ಹಲ್ಲು ಕಚ್ಚಿ ಒತ್ತಿದೆ. ಆ ದಿನದ ಅತ್ಯುತ್ತಮ ಗೂಡಿಗೆ ಬಂದ ಬೆಲೆಯನ್ನೂ ಪಾಪಯ್ಯನ ಕಲೆಗೂಡು ದಾಟಿತು. ಕೊನೆಗೆ ಆಚೆ ಕಡೆ ತಣ್ಣಗಾಯಿತು. ಲಾಟು ನನ್ನ ಹೆಸರಿಗೆ ನಿಂತಿತು.

ಜನರನ್ನು ಸರಿಸಿಕೊಂಡು ಕಿಟಕಿಯ ಹತ್ತಿರ ಹೋದೆ.

"ನೋಡ್ದಾ? ನೀಲೀನೇ ಗೆದ್ದಿದ್ದು."

"ಯಾರ ಮೇಲೆ ಗೆದ್ರಿ? ನಾನು ಎರಡು ಸಲ ಒತ್ತಿ ಬಿಟ್ಬಿಟ್ಟೆ. ಕ್ಯಾಮೆರಾ ಹೆಂಗಿದೆ ನೋಡಣ ಅಂತ ಆಗ್ಲಿಂದ ನಿಮ್ಮನ್ನೇ ವಿಡಿಯೋ ಹಿಡೀತಿದ್ದೀನಿ. ಜೂಮ್ ಮಾಡಿದ್ರೆ ಜನದ ಸಂದಿಯಲ್ಲೂ ಚೆನ್ನಾಗಿ ಬರುತ್ತೆ ಕಣ್ರೀ."

ಹಾಗಾದರೆ ಅಷ್ಟು ಹೊತ್ತು ನನ್ನ ಮೇಲೆ ಒತ್ತಿದವರು ಯಾರು ಎಂದು ಕೇಳಬೇಕಾಗಲಿಲ್ಲ. ಕೋನಪ್ಪ ತಾನೇ ಬಂದ. ನನ್ನಂತೆಯೇ ಗೂಡು ಕೊಳ್ಳುವವನು. ನನ್ನ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟೇ ಮನೆ ಕಟ್ಟಿಸಿದವನು.

"ಏಮಣ್ಣಾ, ಕೊನೇಗೂ ನಂಗೆ ಬಿಡಲಿಲ್ಲವಲ್ಲ," ಎಂದ. "ಬೆಳಿಗ್ಗೆ ನೀವು ಆ ಲಾಟಿನ ಹತ್ರ ನಿಂತಿದ್ದು ನೋಡ್ದೆ, ತಲೆದೂಗಿದ್ದೂ ನೋಡ್ದೆ. ಏನೋ ಐತೆ ಅಂತ ನಾನೂ ಬಿದ್ದೆ. ನಿಜ ಹೇಳಿ, ಏನೈತೆ ಅದ್ರಲ್ಲಿ?"

"ಅದು ಎಲ್ಲರ ಕಣ್ಣಿಗೂ ಕಾಣಲ್ಲ ಕೋನಪ್ಪ," ಎಂದೆ. ಆ ದಿನ ನಾನು ಆಡಿದ ಏಕೈಕ ಸತ್ಯ ಅದು.

ಇನ್ನು ಹಿಂದೆಗೆಯುವ ಮಾತೇ ಇರಲಿಲ್ಲ. ಪಾಪಯ್ಯ ಆಗಲೇ ಕೈಮುಗಿದು ನಿಂತಿದ್ದ. ಬೆಳಿಗ್ಗೆ ಎಲ್ಲರೂ ಮೂಗು ಮುರಿದು ಹೋದರಂತೆ. ಮಾಲಿನ ಗುಣ ಗುರುತಿಸುವವರು ಇನ್ನೂ ಒಬ್ಬರಿದ್ದಾರಲ್ಲ ಎಂದು ಅವನು ಕಣ್ಣೊರೆಸಿಕೊಂಡ. ನಾನೂ ಒರೆಸಿಕೊಂಡೆ. ಕಾರಣ ಬೇರೆ.

ಮನೆಯಲ್ಲಿ ವಿಡಿಯೋ ನೋಡಿದೆ. ಕ್ಯಾಮೆರಾ ಒಳ್ಳೆಯದೆಂದು ಒಪ್ಪಲೇಬೇಕು. ಹಣೆಯ ಬೆವರು ಒಂದೊಂದು ಹನಿಯೂ ಬೇರೆ ಬೇರೆ ಕಾಣುತ್ತಿತ್ತು. ಹಲ್ಲಿನ ನಡುವೆ ಕಚ್ಚಿ ಹಿಡಿದಿದ್ದ ನಾಲಿಗೆ ಕೂಡ. ಎಂಟುನೂರು ಉಳಿಸಲು ಹೊರಟವನ ಚಹರೆ ಹೇಗಿರುತ್ತದೆಂದು ಅಷ್ಟು ಸ್ಪಷ್ಟವಾಗಿ ನಾನು ಎಂದೂ ನೋಡಿರಲಿಲ್ಲ.

ಪ್ರಯೋಗದಲ್ಲಿ ಗೆದ್ದದ್ದು ನೀಲಿ ಫೋನು; ಆದ್ದರಿಂದ ಅದನ್ನು ಅಂಗಡಿಗೆ ಹಿಂದಿರುಗಿಸಿದೆ. ನನ್ನ ಕೈಯ ಹಣವೆಲ್ಲ ಪಾಪಯ್ಯನ ಗೂಡಿನಲ್ಲಿ ಸಿಕ್ಕಿಬಿದ್ದಿದ್ದರಿಂದ, ಹಳದಿ ಫೋನಿಗೆ ಮುನಿಲಕ್ಷ್ಮಿ ತನ್ನ ಚೀಟಿ ದುಡ್ಡು ತೆಗೆದು ತಮ್ಮನಿಗೆ ಕೊಟ್ಟಳು.

ಗೃಹಪ್ರವೇಶದಲ್ಲಿ ಅವಳು ತೆಗೆದ ಫೋಟೋಗಳನ್ನು ನೋಡಿ ರೂಪ ತಾನಾಗಿಯೇ, ಎಲ್ಲವನ್ನೂ ನನಗೆ ಕಳಿಸು ಅಕ್ಕ ಎಂದಳು. ಹೆಂಗಸರೆಲ್ಲ ಆ ಫೋನಿನ ಸುತ್ತ ಬಗ್ಗಿದ್ದರು. ಅಲ್ಲಿಂದ ನಗು ಕೇಳಿಬಂದಾಗಲೆಲ್ಲ, ನೋಡುತ್ತಿರುವುದು ನನ್ನ ವಿಡಿಯೋವೇ ಎಂದು ಪಂಕ್ತಿಯಲ್ಲಿ ಕೂತ ನಾನು ಹೋಳಿಗೆ ಕೆಳಗಿಟ್ಟು ಕತ್ತು ಚಾಚುತ್ತಿದ್ದೆ. ಆದರೆ ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ತಡೆಯಲಾರದೆ ಕೇಳಿಯೇಬಿಟ್ಟೆ, ಆ ವಿಡಿಯೋ ಯಾಕೆ ತೋರಿಸಲಿಲ್ಲ ಎಂದು.

"ಮನೇ ಮಾಲು ಕಣ್ರೀ. ಯಾರಾದ್ರೂ ಸಂತೇಲಿ ಇಡ್ತಾರಾ?" ಎಂದು ಹೇಳಿ ಅವಳು ಕಿಟಕಿಯ ಕಡೆ ತಿರುಗಿದಳು.

ಜೋಡಿಗೂಡು ಇನ್ನೂ ಮೂಲೆಯಲ್ಲಿದೆ. ಮುನಿಲಕ್ಷ್ಮಿಗೆ ನಾನು ಒಂದು ಫೋನು ಬಾಕಿ.