ಬೆಣ್ಣೆ ಲೆನ್ಸು ಮತ್ತು ಮಡತ್ತುಕುಳದ ಸಂಬಂಧ

ಫೋಟೋ ಸ್ಟುಡಿಯೋದವನಿಗೆ ನಗು ಹುಡುಕಿಕೊಂಡು ಹೊರಗೆ ಹೋಗುವ ಕಷ್ಟವಿಲ್ಲ. ‘ಸ್ವಲ್ಪ ನಗಿ’ ಎಂದು ನಾವು ಹೇಳುವ ಮೊದಲೇ ಬಂದವರು ನಮ್ಮನ್ನು ನಗಿಸಿರುತ್ತಾರೆ. ಐವತ್ತರ ದಶಕದಲ್ಲಿ ಕೊಯಮತ್ತೂರಿನ ಸೋದರಮಾವನ ಸ್ಟುಡಿಯೋದಲ್ಲಿ ನನ್ನ ಕಥೆಯೂ ಇದೇ.

ಕಣ್ಣಿನ ಪೊರೆ

ದೇಶ ಬಿಟ್ಟು ಹೊರಟ ಬಿಳಿ ದೊರೆಯೊಬ್ಬನ ಬಂಗಲೆ ಹರಾಜಿನಲ್ಲಿ ಮಾವ ಹಿತ್ತಾಳೆ ಕೊಳವೆಯ ಹಳೇ ಲೆನ್ಸೊಂದನ್ನು ತಂದರು. ನಮ್ಮ ದೊಡ್ಡ ಮರದ ಕ್ಯಾಮರಾಕ್ಕೆ ಹಾಕಿದರೆ ಎಲ್ಲವೂ ಮಂಜು ಮಂಜು.

“ಪೊರೆ ಬಂದಿದೆ ಕಣೋ ಇದಕ್ಕೆ. ಕುರಿಚಿಯ ಲೇತ್ ವರ್ಕ್‌ಶಾಪಿಗೆ ಕೊಟ್ಟು ತೇಯಿಸ್ಕೊಂಡು ಬಾ!” ಎಂದರು ಮಾವ.

ನಾನು ಅದನ್ನು ಬೆಳಕಿಗೆ ಹಿಡಿದು ನೋಡಿದೆ, ಗಾಜು ತಿಳಿಯಾಗಿತ್ತು. ಕೊಳವೆಯ ಮೇಲೆ ತಿರುಗುವ ಬಳೆಯೊಂದಿತ್ತು. ಒಂದು ಕಡೆ ತಿರುಗಿಸಿದರೆ ಚಿತ್ರ ಚೂಪು, ಇನ್ನೊಂದು ಕಡೆ ತಿರುಗಿಸಿದರೆ ಮುಖದ ಸುಕ್ಕೆಲ್ಲ ಬೆಣ್ಣೆಯಂತೆ ಕರಗುತ್ತಿತ್ತು. ಬೇಕೆಂದೇ ಹಾಗೆ ಮಾಡಿದ್ದಾರೆ ಎಂದು ವಿವರಿಸಿದೆ.

“ಕಾಸು ಕೊಟ್ಟು ಯಾರಾದ್ರೂ ಪೊರೆ ಹಾಕಿಸ್ಕೊಳ್ತಾರಾ?” ಎಂದರು ಮಾವ.

ವಕೀಲರ ಗೋಡೆ

ಹಾಕಿಸಿಕೊಂಡರು. ಮೊದಲು ಬಂದವರು ವಕೀಲರ ಹೆಂಡತಿ. ಬೆಣ್ಣೆಯ ಕಡೆ ತಿರುಗಿಸಿ ತೆಗೆದೆ, ಆಕೆಗೆ ಖುಷಿಯೋ ಖುಷಿ. ವಕೀಲರು ಮಾತ್ರ ಗಾಂಭೀರ್ಯ ಬೇಕೆಂದು ತಮ್ಮದನ್ನು ಚೂಪಾಗಿ ತೆಗೆಸಿಕೊಂಡರು. ಎರಡನ್ನೂ ಅಕ್ಕಪಕ್ಕ ತೂಗುಹಾಕಿದ ವಾರವೇ ಓಡಿಬಂದರು.

“ತಂಬಿ, ನನ್ನನ್ನೂ ಆ ಬೆಣ್ಣೆಯಲ್ಲಿ ಅದ್ದಿ ತೆಗೀಪ್ಪಾ. ಮನೆಗೆ ಬಂದೋರೆಲ್ಲ ನಮ್ಮವಳ ಫೋಟೋ ನೋಡಿ, ಮಗಳಿಗೆ ಮದುವೆ ಯಾವಾಗ ಅಂತ ಕೇಳ್ತಿದಾರೆ!”

ಎಳೆ ಎಲ್ಲಿ?

ನಮ್ಮ ಜನದವರೇ ಆದ ನೇಕಾರರೊಬ್ಬರು ಮಗಳನ್ನು ಕರೆತಂದರು. ಫೋಟೋ ಮಡತ್ತುಕುಳವೆಂಬ ಊರಿನ ವರನ ಮನೆಗೆ ಹೋಗಬೇಕಿತ್ತು. ಹುಡುಗಿಯನ್ನು ನೋಡಿದ ಕ್ಷಣವೇ ನನಗೆ ಆ ಕಾಣದ ವರನ ಮೇಲೆ ಸಿಟ್ಟು ಬಂತು. ಆದರೂ ಕೆಲಸ ಕೆಲಸವೇ. ಬೆಣ್ಣೆಯಲ್ಲಿ ತೆಗೆದೆ, ಬಹಳ ಚೆನ್ನಾಗಿ ಬಂತು.

“ಇದೇನ್ ತಂಬಿ, ಸೀರೆಯ ಎಳೆ ಎಲ್ಲಿ?” ಹುಡುಗಿಯ ಅಪ್ಪ ಗುಡುಗಿದರು. “ನಾನೇ ನೇಯ್ದದ್ದು! ಮಾಪಿಳ್ಳೆ ಮನೆಯವ್ರೂ ನೇಯ್ಗೆಯವ್ರು. ಮೊದ್ಲು ನೋಡೋದು ಅಂಚನ್ನೇ!”

ಬಳೆ ತಿರುಗಿಸಿ ಮತ್ತೆ ತೆಗೆದೆ. ಎಳೆ ಎಳೆಯೂ ಕಂಡಿತು. ಅವರು ಹಿಗ್ಗಿ ಹೋದರು, ನಾನು ಕುಗ್ಗಿ ಕೂತೆ.

ಸ್ವಲ್ಪ ದಿನಕ್ಕೆ ಮಗಳ ಜೊತೆ ಮತ್ತೆ ಬಂದರು. ಮುಖ ಕೆಂಪಗಿತ್ತು.

“ಅಂಚಲ್ಲಿ ಒಂದು ಎಳೆ ತಪ್ಪಿದೆಯಂತೆ! ಇಂಥ ಕೈಯವರ ಸಂಬಂಧ ವೇಂಡಾ ಅಂದ್ಬಿಟ್ರು. ಅಷ್ಟು ಚೂಪಾಗಿ ತೆಗೀ ಅಂತ ಯಾರಪ್ಪಾ ಹೇಳಿದ್ದು? ಬೇರೆ ಮನೆಗೆ ಕಳಿಸ್ಬೇಕು, ಈ ಸಲ ಮಂಜಾಗೇ ತೆಗಿ.”

ಇನ್ನು ಸುಮ್ಮನಿದ್ದರೆ ಹುಡುಗಿ ಕೈತಪ್ಪುತ್ತಾಳೆ ಎನಿಸಿತು. ಧೈರ್ಯ ಮಾಡಿ ಹೇಳಿಯೇಬಿಟ್ಟೆ: “ಫೋಟೋ ಯಾಕೆ? ನಾನು ನೋಡಿದೀನಲ್ಲ, ನನಗೆ ಒಪ್ಪಿಗೆ.”

ಮಾವನ ಬಾಯಿಂದ ಎಲೆಯಡಿಕೆ ಬಿತ್ತು. ನೇಕಾರರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಅಳೆದರು.

“ನೀನೆಲ್ಲಿ ನೋಡಿದೆ? ಆ ಕ್ಯಾಮರಾದ ಕರಿಬಟ್ಟೆಯೊಳಗೆ ಎಲ್ಲಾ ತಲೆಕೆಳಗಲ್ವಾ ಕಾಣೋದು! ತಲೆಕೆಳಗಾಗಿ ನೋಡ್ಬಿಟ್ಟು ಹೆಣ್ಣು ಕೇಳ್ತಾನೆ!”

ಸ್ಟೂಲಿನ ಮೇಲೆ ಕೂತಿದ್ದ ಹುಡುಗಿ ಸೆರಗು ಸರಿಮಾಡಿಕೊಳ್ಳುತ್ತಾ ಮೆಲ್ಲಗೆ ಹೇಳಿದಳು:

“ಅಪ್ಪಾ, ನಾನು ಅವರನ್ನ ನೇರವಾಗೇ ನೋಡ್ಬಿಟ್ಟೆ.”