ಕೊಸರಿಗೆ ಬಿಟ್ಟ ಪೇದೆ

ದಿನಸಿ ಅಂಗಡಿಯವರ ಮಗಳು ಚೆಸ್ ಆಡಿದರೆ ಇಂಥವು ನಡೆಯುತ್ತಲೇ ಇರುತ್ತವೆ.

ನನ್ನ ಬಿ.ಎಸ್ಸಿ. ಮುಗಿದಿತ್ತು, ಇನ್ನು ಚೆಸ್ಸೇ ಆಡುತ್ತೇನೆ ಎಂದಿದ್ದೆ. ಕಂಪಲಾಪುರದ ನಮ್ಮ ಅಂಗಡಿಯಲ್ಲಿ ಅಪ್ಪ ಷರತ್ತು ಹಾಕಿದರು. "ಹುಣಸೂರಿನ ಪಂದ್ಯಕ್ಕೆ ನಾನೂ ಬತ್ತೀನಿ. ಒಂದಾಟ ನೋಡ್ತೀನಿ. ಸರಿ ಕಾಣ್ದಿದ್ರೆ ಸೋಮವಾರದಿಂದ ಗಲ್ಲಾದಲ್ಲಿ ಕೂತ್ಕೊ ಕಣವ್ವ."

1. ಮೂಟೆ

ಪಂದ್ಯದ ಹಿಂದಿನ ದಿನ ಬೆಲ್ಲದ ಪೆಟ್ಟಿಗೆಯ ಮೇಲೆ ಮಣೆ ಹರಡಿ ನನ್ನ ಆರಂಭ ತೋರಿಸಿದೆ. ಪಕ್ಕದ ಪೇದೆ ಒಂದು ಮನೆ ಮುಂದೆ, ಅದರ ಹಿಂದೆ ಓರೆಯಾಗಿ ನೋಡುವ ಒಂಟೆ.

"ನಡುವೆ ಬಯಲು ಬುಟ್ಟಿದ್ದೀಯಲ್ಲ?"

"ಅಲ್ಲಿಗೆ ಅವರು ಬರಲಿ ಅಂತ. ನಾನು ಪಕ್ಕದಿಂದ ಹಿಡೀತೀನಿ."

ಅಪ್ಪ ಅಂಗಡಿಯನ್ನೊಮ್ಮೆ ನೋಡಿದರು. "ಮೂಟೆ ಪಕ್ಕಕ್ಕೆ, ಗಿರಾಕಿ ನಡುವೆ. ಇದಕ್ಕೆ ಡಿಗ್ರಿ ಬೇಕಿತ್ತಾ?"

2. ಏನು ಬೇಕು

ಹುಣಸೂರಿನಲ್ಲಿ ನನ್ನ ಎದುರಾಳಿ ಭೇರ್ಯದ ನಿವೃತ್ತ ಮೇಷ್ಟ್ರು. ಒಂದು ನಡೆಗೆ ಬಹಳ ಹೊತ್ತು ತೆಗೆದುಕೊಂಡರು. ಪ್ರೇಕ್ಷಕರ ಕುರ್ಚಿಯಲ್ಲಿದ್ದ ಅಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ತೀರ್ಪುಗಾರರ ಕಿವಿಯಲ್ಲಿ ಹೇಳಿದರು.

"ಮೇಷ್ಟ್ರಿಗೆ ಏನು ಬೇಕು ಅಂತ ಯಾರಾದ್ರೂ ಕೇಳ್ರೀ."

"ಸುಮ್ನಿರಿ ಯಜಮಾನ್ರೇ. ಅವ್ರು ಯೋಚ್ನೆ ಮಾಡ್ತಾವ್ರೆ."

"ಅದಕ್ಕೇ ಕಣ್ರೀ ಹೇಳಿದ್ದು. ಯೋಚ್ನೆ ಮಾಡೋ ಗಿರಾಕೀನ ಅಂಗೇ ಬುಟ್ರೆ ಎದ್ದೋಯ್ತಾರೆ."

3. ಕೊಸರು

ಆಟ ನನ್ನ ಕೈ ಜಾರುತ್ತಿತ್ತು. ಮೂಲೆಯ ಆನೆಯನ್ನು ಬೇರೆ ಕಡೆ ಸರಿಸಿದೆ. ಅಂಚಿನ ಪೇದೆ ಕಾವಲಿಲ್ಲದೆ ಉಳಿಯಿತು.

ತೂಗಿದ ಮೇಲೆ ಅಪ್ಪ ಯಾವಾಗಲೂ ಗಿರಾಕಿಗೆ ಪುಕ್ಕಟೆ ಒಂದು ಹಿಡಿ ಕೊಸರು ಹಾಕುತ್ತಾರೆ. ಕಡಲೆಯಾಗಲಿ, ಅವರೆಯಾಗಲಿ, ಬರಿಗೈಲಿ ಕಳಿಸಿದ್ದಿಲ್ಲ. ಮೇಷ್ಟ್ರ ರಾಣಿ ಬಂದು ಆ ಪೇದೆಯನ್ನು ತಿಂದಾಗ ಅಪ್ಪನ ಮುಖ ಅರಳಿತು. ಪಕ್ಕದವರಿಗೆ ಕೈಯಲ್ಲೇ ಹಿಡಿ ತುಂಬಿ ಹಾಕಿದಂತೆ ಮಾಡಿ ತೋರಿಸಿದರು.

ನಾನು ಆನೆಯನ್ನು ಮತ್ತೆ ಮೂಲೆಗೆ ತಂದೆ. ರಾಣಿಗೆ ಹೊರಬರಲು ದಾರಿಯಿರಲಿಲ್ಲ. ಮೇಷ್ಟ್ರು ನಕ್ಕು, ಸೋಲೊಪ್ಪಿ ಕೈ ಕುಲುಕಿದರು.

ಅಪ್ಪ ನಗಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಕೊಂಡು ಪೊಟ್ಟಣ ಪೂರ್ತಿ ನನ್ನ ಕೈಗಿಟ್ಟರು.

"ಆ ಪೇದೆ ಗೊತ್ತಿದ್ದೇ ಬುಟ್ಟೆಯಾ?"

"ಹೂಂ."

"ನಾನು ಕೊಸರು ಅಂದ್ಕೊಂಡೆ."

"ಬಲೆ, ಅಪ್ಪ."

ನಾನು ಸೋಮವಾರದ ಬಗ್ಗೆಯೇ ಯೋಚಿಸುತ್ತಿದ್ದೆ. ಬಸ್ಸು ಬಂತು. ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟು ಕೂತ ಮೇಲೆ ಅಪ್ಪ ಹೇಳಿದರು:

"ಸೋಮವಾರ ಅಂಗಡಿ ಕಡೆ ತಲೆ ಹಾಕ್ಬೇಡ ಕಣವ್ವ. ಕೊಸರು ಕೊಟ್ಟು ರಾಣಿ ಕಿತ್ಕೊಳ್ಳೋರು ಗಲ್ಲಾದಲ್ಲಿ ಕೂತ್ರೆ ನಂಗೆ ಗಿರಾಕಿ ಉಳೀತಾರಾ? ನೀನು ಚೆಸ್ಸೇ ಆಡು."